ಐದನೇ ತರಗತಿಯ ಗದ್ದಲ

ಬನಹಟ್ಟಿ
24 ಜೂನ್ 2024

ಶ್ರೀದೇವಿ ಅಕ್ಕೋರಿಗೆ ನಮಸ್ಕಾರ.

ಹನ್ನೊಂದು ಸಲ ಫೋನ್ ಮಾಡಿದ್ದೇನೆ. ಹನ್ನೊಂದು ಸಲವೂ ರಿಂಗಾಗಿ ರಿಂಗಾಗಿ ತಾನೇ ಸುಮ್ಮನಾಯಿತು. ವಾಟ್ಸಾಪಿನಲ್ಲಿ ಬರೆದರೆ ನಿಮ್ಮಿಂದ ಬಂದದ್ದು ಎರಡೇ ಸಾಲು: "ಇಲ್ಲಿ ಬರೆದದ್ದನ್ನು ಸಂಜೆಯೊಳಗೆ ಇಡೀ ತಾಲೂಕು ಓದುತ್ತದೆ. ಹೇಳುವುದಿದ್ದರೆ ಕಾಗದ ಬರೆಯಿರಿ." ಆಗಲಿ, ಬರೆಯುತ್ತಿದ್ದೇನೆ. ಅಂಚೆ ಕಚೇರಿಯವನು ನನ್ನನ್ನು ಮ್ಯೂಸಿಯಮ್ಮಿನಿಂದ ಬಂದವಳಂತೆ ನೋಡಿದ.

ಪರಸ್ಪರ ವರ್ಗಾವಣೆ ಎಂದರೆ ನಿಮ್ಮ ಜಾಗಕ್ಕೆ ನಾನು, ನನ್ನ ಜಾಗಕ್ಕೆ ನೀವು. ಕುರ್ಚಿ ಅಷ್ಟೇ ಅಲ್ಲ, ಮಕ್ಕಳನ್ನೂ ಒಪ್ಪಿಸಿಕೊಡಬೇಕಿತ್ತು. ಕೌನ್ಸೆಲಿಂಗ್ ದಿನ ಹತ್ತು ನಿಮಿಷ ಮಾತಾಡಿದೆವು. ಆ ಹತ್ತೂ ನಿಮಿಷ ನೀವು ನನ್ನ ಬಾಯಿಯನ್ನೇ ನೋಡುತ್ತಿದ್ದಿರಿ. ಹಲ್ಲಿನಲ್ಲಿ ಸೊಪ್ಪು ಸಿಕ್ಕಿದೆಯೇನೋ ಎಂದು ಬಸ್ಸು ಹತ್ತಿದ ಮೇಲೆ ಕನ್ನಡಿ ತೆಗೆದು ನೋಡಿಕೊಂಡೆ. ಮಕ್ಕಳ ಬಗ್ಗೆ ಕೇಳಿದ್ದಕ್ಕೆ "ಛಲೋ ಅದಾವ್ರಿ" ಎಂದಿರಿ. ಎರಡೇ ಮಾತು.

ಛಲೋ ಅಂದರೆ ಇದೇ ಏನು? ಐದನೇ ತರಗತಿಯ ಮೂವತ್ತೊಂದು ಮಕ್ಕಳು ಪೆನ್ಸಿಲ್ ಕೇಳುವುದಿದ್ದರೂ ಹೊಲದ ಆಚೆ ಬದಿಯಲ್ಲಿರುವ ಎತ್ತನ್ನು ಕರೆದಂತೆ ಕೂಗುತ್ತಾರೆ. ಸುಮ್ಮನಿರಿ ಎಂದರೆ "ಸುಮ್ನ ಅದೇವಲ್ರಿ ಅಕ್ಕೋರ!" ಎಂದು ಮತ್ತೆ ಕೂಗುತ್ತಾರೆ. ಮೂರು ವಾರದಲ್ಲಿ ನನಗೆ ತಲೆನೋವಿನ ಗುಳಿಗೆ ರೂಢಿಯಾಗಿದೆ.

ಇದನ್ನು ಬರೆಯಲು ಕಾರಣ ಉಂಟು. ಜಮಖಂಡಿಯಲ್ಲಿ ನಮಗೊಂದು ತರಬೇತಿ ನಡೆಯುತ್ತಿದೆ. ಪ್ರತಿಯೊಬ್ಬ ಶಿಕ್ಷಕರೂ ತಮ್ಮ ತರಗತಿಯ ಒಂದು ತೊಂದರೆ ಹಿಡಿದು, ಆರು ತಿಂಗಳು ಅದರ ಮೇಲೆ ಕೆಲಸ ಮಾಡಿ, ತಾವು ಕಲಿಸುವ ರೀತಿ ಸುಧಾರಿಸಿಕೊಂಡು ವರದಿ ಕೊಡಬೇಕು. ಕ್ರಿಯಾ ಸಂಶೋಧನೆ. ನಾನು ಆರಿಸಿಕೊಂಡ ವಿಷಯ, "ಐದನೇ ತರಗತಿಯ ಮಕ್ಕಳಲ್ಲಿ ಅನಗತ್ಯ ಗದ್ದಲವನ್ನು ಕಡಿಮೆ ಮಾಡುವುದು". ಈ ಗದ್ದಲ ಎಂದಿನಿಂದ ಇದೆ? ಆರು ವರ್ಷ ನೀವೇನು ಮಾಡಿದಿರಿ? ಇದಿಷ್ಟು ತಿಳಿಸಿ, ವರದಿಯ ಮೊದಲ ಭಾಗಕ್ಕೆ ಬೇಕು.

ಇನ್ನೊಂದು. ಗೋಡೆಗೆ ನೀವು ಅಂಟಿಸಿದ್ದ ಆಸನದ ಪಟ್ಟಿ ನೋಡಿದೆ. ಸಾವಕ್ಕ ಎಂಬ ಹುಡುಗಿಯ ಹೆಸರು ಮೊದಲ ಬೆಂಚಿನ ನಡುವೆ ಇದೆ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಬದಲಿಸಬಾರದು". ಎಲ್ಲರಿಗಿಂತ ಜೋರಾಗಿ ಕೂಗುವವಳು ಅವಳೇ. ನಿಮ್ಮ ಸಂಬಂಧಿಕಳೇ?

ವೈಶಾಲಿ


ಅನಗವಾಡಿ
3 ಜುಲೈ 2024

ವೈಶಾಲಿ ಅಕ್ಕೋರಿಗೆ,

ಕಾಗದ ಮುಟ್ಟಿತು. ಇನ್ನು ಮುಂದೆ ಫೋನ್ ಮಾಡಬೇಡಿ. ನಾನು ಎತ್ತುವುದಿಲ್ಲ.

ನಿಮ್ಮ ಶಾಲೆಯ ಮೂರೂ ಕಡೆ ಪಾವರ್‌ಲೂಮು ಇವೆ. ಆ ಮಕ್ಕಳು ಹುಟ್ಟಿದ್ದು ಮಗ್ಗದ ಪಕ್ಕದಲ್ಲಿ, ಮಲಗಿದ್ದು ಮಗ್ಗದ ಪಕ್ಕದಲ್ಲಿ. ತಾಯಿಯನ್ನು ನೀರು ಕೇಳಬೇಕಾದರೂ ಮಗ್ಗಕ್ಕಿಂತ ದೊಡ್ಡ ದನಿ ತೆಗೆಯಬೇಕು. ನಾನೂ ಅದೇ ಓಣಿಯಲ್ಲಿ ಬೆಳೆದವಳು. ಅದನ್ನು ನೀವು ಗದ್ದಲ ಎನ್ನುತ್ತೀರಿ. ಅವರು ಮಾತು ಎನ್ನುತ್ತಾರೆ.

ಆರು ವರ್ಷ ಏನು ಮಾಡಿದೆ ಎಂದು ಕೇಳಿದಿರಿ. ಪಾಠ ಮಾಡಿದೆ.

ನೀವು ಬಿಟ್ಟುಹೋದ ಮಕ್ಕಳ ಬಗ್ಗೆ ನಾನೂ ಬರೆಯಬಹುದು. ತಲೆ ಕೆಳಗೆ ಹಾಕಿ ಗುಸುಗುಸು ಎನ್ನುತ್ತಾರೆ. ಹೆಸರು ಕೇಳಿದರೂ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಬಾಯಿ ಬಿಟ್ಟು ಮಾತಾಡುವುದನ್ನು ಇವರಿಗೆ ಯಾರೂ ಕಲಿಸಿಲ್ಲ. ಶಿಸ್ತು ಎಂದು ನೀವು ಕಲಿಸಿದ್ದು ಇದೇ ಇರಬೇಕು.

ಸಾವಕ್ಕ ನನ್ನ ಸಂಬಂಧಿಕಳಲ್ಲ. ಅವಳು ಮೊದಲ ಬೆಂಚಿನಲ್ಲೇ ಕೂರಬೇಕು. ಕಾರಣ ಕೇಳಬೇಡಿ.

ಶ್ರೀದೇವಿ


ಬನಹಟ್ಟಿ
15 ಜುಲೈ 2024

ಶ್ರೀದೇವಿ ಅಕ್ಕೋರಿಗೆ,

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ಅನಗವಾಡಿಯ ಮಕ್ಕಳಿಗೆ ನೀವು ಹೆಸರಿಟ್ಟಿದ್ದನ್ನು ಓದಿ ಮೈಯೆಲ್ಲ ಉರಿಯಿತು. ದೊಡ್ಡವರ ಮುಂದೆ ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯಬೇಕು, ಉಗುಳು ಸಿಡಿಯಬಾರದು ಎಂದು ಕಲಿಸಿದವಳು ನಾನೇ. ಬೀಳಗಿ ತಾಲೂಕಿನಲ್ಲಿ ಅದಕ್ಕೆ ಮರ್ಯಾದೆ ಎನ್ನುತ್ತಾರೆ. ನಿಮ್ಮ ಓಣಿಯಲ್ಲಿ ಏನನ್ನುತ್ತಾರೋ ನನಗೆ ಬೇಡ.

ಕಾರಣ ಕೇಳಬೇಡಿ ಎನ್ನುವವರ ಮಾತನ್ನು ನಾನು ಕೇಳುವುದಿಲ್ಲ. ನನ್ನ ಯೋಜನೆ ಶುರುವಾಗಿದೆ. ಗೋಡೆಗೆ ದೊಡ್ಡ ತಖ್ತೆ ಹಾಕಿದ್ದೇನೆ, ಅದರ ಮೇಲೆ ಎಲ್ಲರ ಹೆಸರು. ಕೂಗಿದರೆ ಹೆಸರಿನ ಮುಂದೆ ಒಂದು ಕರಿ ಚುಕ್ಕೆ. ವಾರಕ್ಕೆ ಐದು ಚುಕ್ಕೆಯಾದರೆ ಕೊನೆಯ ಬೆಂಚು. ಕೂಗದೆ ವಾರ ಕಳೆದವರಿಗೆ ಹಸಿರು ಚುಕ್ಕೆ, ಶನಿವಾರ ಕಥೆ ಪುಸ್ತಕ. ಬಡಿಯುವುದಿಲ್ಲ, ಬಯ್ಯುವುದಿಲ್ಲ. ತರಬೇತಿಯವರು ನೋಡಿ ಬಹಳ ಒಳ್ಳೆಯದಿದೆ ಎಂದರು.

ಸಾವಕ್ಕನಿಗೆ ಎರಡೇ ದಿನದಲ್ಲಿ ಐದು ಚುಕ್ಕೆ ಬಿದ್ದವು. ಈಗ ಕೊನೆಯ ಬೆಂಚಿನಲ್ಲಿದ್ದಾಳೆ. ನಿಮ್ಮ ಪಟ್ಟಿ ಹರಿದು ಹಾಕಿದೆ.

ವೈಶಾಲಿ


ಬನಹಟ್ಟಿ
20 ಆಗಸ್ಟ್ 2024

ಶ್ರೀದೇವಿ ಅಕ್ಕೋರಿಗೆ,

ತಿಂಗಳಾಯಿತು, ನಿಮ್ಮಿಂದ ಉತ್ತರವಿಲ್ಲ. ಸಿಟ್ಟು ಬಂದಿರಬೇಕು. ಬರಲಿ. ಫಲಿತಾಂಶ ಮಾತ್ರ ನಿಮಗೆ ತಿಳಿಸಲೇಬೇಕು ಅನಿಸಿತು.

ಜೂನ್ ಕೊನೆಯ ವಾರ ನಲವತ್ತು ನಿಮಿಷದ ಒಂದು ಅವಧಿಯಲ್ಲಿ ಅರವತ್ತೆರಡು ಕೂಗು ಗುರುತು ಹಾಕಿಕೊಂಡಿದ್ದೆ. ಮೊನ್ನೆ ಎಣಿಸಿದೆ, ಹದಿನಾಲ್ಕು! ಮುಖ್ಯೋಪಾಧ್ಯಾಯರು ಗುರುಪಾದ ಸರ್ ಬಾಗಿಲಲ್ಲಿ ನಿಂತು "ಅಕ್ಕೋರ, ಮಕ್ಕಳು ಅದಾವೋ, ಸೂಟಿ ಕೊಟ್ಟೀರೋ?" ಎಂದು ನಕ್ಕರು. ಮುಧೋಳದಲ್ಲಿ ನವೆಂಬರಿನಲ್ಲಿ ನಡೆಯುವ ಸಮಾವೇಶಕ್ಕೆ ನಮ್ಮ ಶಾಲೆಯಿಂದ ಇದನ್ನೇ ಕಳಿಸುತ್ತಾರಂತೆ.

ನಿಮ್ಮ ಸಾವಕ್ಕ ಈಗ ಬಾಯೇ ಬಿಡುವುದಿಲ್ಲ. ಸಾಧುವಾಗಿದ್ದಾಳೆ. ಆದರೆ ಕಲಿಕೆಯಲ್ಲಿ ಏನೂ ಇಲ್ಲ. ಉಕ್ತಲೇಖನ ಕೊಟ್ಟರೆ ಇಪ್ಪತ್ತಕ್ಕೆ ಎರಡು ಶಬ್ದ ಸರಿ. ನೀವು ಅವಳಿಗೆ ಹೋದ ವರ್ಷ ಎ ಪ್ಲಸ್ ಕೊಟ್ಟಿದ್ದೀರಿ. ಯಾವ ಪ್ರೀತಿಗೆ ಕೊಟ್ಟಿರೋ ನೀವೇ ಬಲ್ಲಿರಿ. ಅವಳ ಅಪ್ಪ ನೀಲಕಂಠನನ್ನು ಕರೆಸಿ ಸ್ಪಷ್ಟವಾಗಿ ಹೇಳಿದೆ, ಹುಡುಗಿ ನಿಧಾನ ಕಲಿಯುವವಳು, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು. ಸುಳ್ಳು ಅಂಕ ಕೊಡುವುದಕ್ಕಿಂತ ಖರೆ ಹೇಳುವುದು ಒಳ್ಳೆಯದು.

ವೈಶಾಲಿ


ಅನಗವಾಡಿ
26 ಆಗಸ್ಟ್ 2024

ಅವಳನ್ನು ಮುಂದೆ ಕೂರಿಸಿ. ಈ ಕಾಗದ ಕೈಗೆ ಬಂದ ದಿನವೇ ಕೂರಿಸಿ.

ನಿಮ್ಮ ಹದಿನಾಲ್ಕು, ನಿಮ್ಮ ಅರವತ್ತೆರಡು, ಎಲ್ಲಕ್ಕೂ ಬೆಂಕಿ ಹಚ್ಚಿ. ಸಾಧುವಾಗಿದ್ದಾಳೆ ಎಂದು ಸಂತೋಷದಿಂದ ಬರೆದಿದ್ದೀರಿ. ಕೂಗುವ ಹುಡುಗಿ ಎರಡು ತಿಂಗಳಲ್ಲಿ ಮೂಕಿಯಾದರೆ ಯಾಕೆ ಎಂದು ಕೇಳುವ ಬುದ್ಧಿ ನಿಮಗಿಲ್ಲವೇ? ನಿಧಾನ ಕಲಿಯುವವಳು ಎಂದು ಅವಳ ಅಪ್ಪನಿಗೆ ಹೇಳಿದಿರಾ? ನೀಲಕಂಠನಿಗೆ? ಮನೆಯಲ್ಲಿ ಕೆಲಸಕ್ಕೆ ಕೈ ಸಾಲದೆ ಒದ್ದಾಡುತ್ತಿರುವವನಿಗೆ?

ಆ ಎ ಪ್ಲಸ್ ಅವಳದು. ನಾನು ದಾನ ಕೊಟ್ಟದ್ದಲ್ಲ.

ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಶ್ರೀದೇವಿ


ಬನಹಟ್ಟಿ
19 ಸೆಪ್ಟೆಂಬರ್ 2024

ಶ್ರೀದೇವಿಯವರಿಗೆ,

ಅಕ್ಕೋರು ಎಂದು ಬರೆಯುವುದಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ಆಗಸ್ಟಿನ ನಿಮ್ಮ ಕಾಗದವನ್ನು ಓದಿ ಡ್ರಾಯರಿಗೆ ಎಸೆದೆ. ಸಾವಕ್ಕನನ್ನು ಮುಂದೆ ಕೂರಿಸಲಿಲ್ಲ. ನಿಮಗೆ ಸೋಲಬಾರದು ಎಂಬ ಒಂದೇ ಹಟ.

ಗಣೇಶ ಚೌತಿಯ ಮರುದಿನದಿಂದ ನನ್ನ ಗಂಟಲು ಕಟ್ಟಿತು. ಸೋಮವಾರ ಶಾಲೆಗೆ ಹೋದಾಗ ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ರಜೆ ಹಾಕಲು ಗುರುಪಾದ ಸರ್ ಒಪ್ಪಲಿಲ್ಲ, ಇಬ್ಬರು ಆಗಲೇ ರಜೆಯಲ್ಲಿದ್ದರು. ಬೋರ್ಡಿನ ಮೇಲೆ ಬರೆದು ದಿನ ತಳ್ಳೋಣ ಎಂದುಕೊಂಡೆ. ಮಕ್ಕಳ ಕಡೆ ತಿರುಗಿ, ರೂಢಿಯಂತೆ, ದನಿ ಇಲ್ಲದೆಯೇ "ಪುಸ್ತಕ ತೆಗೆಯಿರಿ, ಮೂವತ್ತೆರಡನೇ ಪುಟ" ಎಂದೆ. ಇಡೀ ತರಗತಿ ಪುಸ್ತಕ ತೆಗೆಯಿತು. ಮೂವತ್ತೆರಡನೇ ಪುಟ!

ಪರೀಕ್ಷೆ ಮಾಡಲು "ಕಿಟಕಿ ಮುಚ್ಚಿ" ಎಂದೆ, ಬರೀ ತುಟಿಯಲ್ಲಿ. ನಾಲ್ಕು ಮಕ್ಕಳು ಎದ್ದರು. ದಿನವಿಡೀ ಹಾಗೆಯೇ ಪಾಠ ಮಾಡಿದೆ. ಒಬ್ಬರೂ ಕೂಗಲಿಲ್ಲ, ಯಾಕೆಂದರೆ ಅವರೂ ನನ್ನೊಡನೆ ದನಿ ಬಿಟ್ಟು ಮಾತಾಡತೊಡಗಿದರು. ನನಗೆ ಅರ್ಥವಾಗುತ್ತಿರಲಿಲ್ಲ, ಅವರಿಗೆ ನಗೆ. ಮಗ್ಗದ ಸದ್ದಿನಲ್ಲಿ ಅಪ್ಪ ಅವ್ವ ಈ ತುದಿಯಿಂದ ಆ ತುದಿಗೆ ಹೀಗೇ ಮಾತಾಡುತ್ತಾರಂತೆ. ಮಧ್ಯಾಹ್ನ ತುಟಿಯಲ್ಲೇ ಉಕ್ತಲೇಖನ ಕೊಟ್ಟೆ. ಕೊನೆಯ ಬೆಂಚಿನಿಂದ ಸಾವಕ್ಕನ ಪಾಟಿ ಬಂತು. ಇಪ್ಪತ್ತಕ್ಕೆ ಇಪ್ಪತ್ತು.

ಗುರುವಾರ ದನಿ ಬಂದ ಮೇಲೆ ಯಾವಾಗಲೂ ಮಾಡುವಂತೆ ಬೆಂಚುಗಳ ನಡುವೆ ಓಡಾಡುತ್ತ, ಹಿಂದಿನಿಂದ ಉಕ್ತಲೇಖನ ಹೇಳಿದೆ. ಉಳಿದ ಮಕ್ಕಳು ಹದಿನೈದು ಹದಿನಾರು ಬರೆದರು. ಸಾವಕ್ಕ ಮೂರು. ಆಮೇಲೆ ಅವಳ ಎದುರು ಕೂತು ಅವೇ ಶಬ್ದ ಮೆಲ್ಲಗೆ ಹೇಳಿದೆ. ಹತ್ತೊಂಬತ್ತು. ಅವಳ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆದೆ, ಮೂರು ಸಲ. ಕೂತಲ್ಲೇ ಕೂತಿದ್ದಳು. ಪಕ್ಕದ ಹುಡುಗಿ ಮೊಣಕೈಯಿಂದ ತಿವಿದ ಮೇಲೆ ತಿರುಗಿದಳು.

ಅವಳಿಗೆ ಕಿವಿ ಕೇಳುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದೆ ನಾನು. ದಿನದ ಅರ್ಧ ಬೋರ್ಡಿನ ಕಡೆ ಮುಖ ಮಾಡಿ ಮಾತಾಡುವವಳು ನಾನು, ಚುಕ್ಕೆ ಬಿದ್ದದ್ದು ಅವಳಿಗೆ. ನಿಮಗೆ ಬರೆಯದೆ ಬಿಟ್ಟದ್ದೊಂದಿದೆ. ಜುಲೈಯಲ್ಲಿ ಎರಡು ದಿನ ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆ. ಬಡಿಯುವುದಿಲ್ಲ ಬಯ್ಯುವುದಿಲ್ಲ ಎಂದು ಜಂಬದಿಂದ ಬರೆದೆನಲ್ಲ, ಅದೇ ವಾರ. ಅವಳಿಗೆ ಬಡಿದಿದ್ದರೇ ಮೇಲಿತ್ತು.

ಶುಕ್ರವಾರ ಅವಳನ್ನು ಮೊದಲ ಬೆಂಚಿಗೆ ತರಬೇಕೆಂದು ಹೋದರೆ ಅವಳು ಬಂದಿರಲಿಲ್ಲ. ಶನಿವಾರವೂ ಇಲ್ಲ. ಸೋಮವಾರ ಅವಳ ಮನೆಗೆ ಹೋದೆ. ತನ್ನ ಅಜ್ಜಿ ಸತ್ಯವ್ವನ ಪಕ್ಕದಲ್ಲಿ ಕೂತು, ಮಗ್ಗಕ್ಕೆ ಹಾಕುವ ನೂಲಿನ ಕಂಡಕಿ ಸುತ್ತುತ್ತಿದ್ದಳು. ನನ್ನನ್ನು ನೋಡಿದವಳೇ ಗೋಡೆಯ ಕಡೆ ತಿರುಗಿದಳು.

ನೀಲಕಂಠ ಹೊರಗೆ ಬಂದು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನೀವ ಹೇಳಿದ್ರಲ್ರಿ ಅಕ್ಕೋರ, ಹುಡುಗಿ ಕಲಿಯೂದಿಲ್ಲಂತ. ಕಲೀಲಾರದಾಕಿನ್ನ ಸಾಲಿಗಿ ಕಳಿಸಿ ಏನ್ ಮಾಡ್ಲಿ? ಇಲ್ಲರ ಕೈಗಿ ಕೆಲಸ ಕಲೀಲಿ." ದಡ್ಡಿಯಲ್ಲ, ಕಿವಿಯ ತೊಂದರೆ ಇದೆ, ಡಾಕ್ಟರಿಗೆ ತೋರಿಸೋಣ ಎಂದೆ. ಅವನ ಮುಖ ಕೆಂಪಾಯಿತು. "ಮೊದಲ ದಡ್ಡಿ ಅಂದ್ರಿ, ಈಗ ಕೆಪ್ಪಿ ಅಂತೀರಿ. ನಾಳೆ ಆಕಿನ್ನ ಯಾರ್ ಮಾಡ್ಕೋತಾರ್ರಿ? ಶ್ರೀದೇವಿ ಅಕ್ಕೋರು ಆರು ವರ್ಷ ಇದ್ರು. ಅವ್ರು ಒಂದ ದಿನಾನೂ ಹಿಂಗ ಅನಲಿಲ್ಲ."

ಅನಲಿಲ್ಲ! ಅದೇ ನನ್ನ ಪ್ರಶ್ನೆ. ನಿಮಗೆ ಗೊತ್ತಿತ್ತು. ಕೆಂಪು ಶಾಯಿಯಲ್ಲಿ ಬರೆಯುವಷ್ಟು ಗೊತ್ತಿತ್ತು. ಅಪ್ಪನಿಗೆ ಹೇಳಲಿಲ್ಲ, ಗುರುಪಾದ ಸರ್‌ಗೆ ಹೇಳಲಿಲ್ಲ, ವರ್ಷಾವರ್ಷ ಬರುವ ತಪಾಸಣೆ ಶಿಬಿರಕ್ಕೆ ಅವಳ ಹೆಸರು ಕಳಿಸಲಿಲ್ಲ. ನನಗೂ ಹೇಳಲಿಲ್ಲ. ಒಂದು ಸಾಲು! "ಅವಳಿಗೆ ಕಿವಿ ಕೇಳುವುದಿಲ್ಲ" ಎಂಬ ಒಂದು ಸಾಲು ಬರೆದಿದ್ದರೆ ನಾನು ಆ ಪಾಪ ಮಾಡುತ್ತಿರಲಿಲ್ಲ. ಬದಲಿಗೆ ಕಾರಣ ಕೇಳಬೇಡಿ ಎಂದಿರಿ. ನಾನು ತಿಳಿಯದೆ ಮಾಡಿದೆ. ನೀವು ತಿಳಿದು ಮಾಡಿದಿರಿ. ಇಬ್ಬರಲ್ಲಿ ಯಾರು ಕೆಟ್ಟವರು, ನೀವೇ ಹೇಳಿ.

ವೈಶಾಲಿ


ಅನಗವಾಡಿ
2 ಅಕ್ಟೋಬರ್ 2024

ವೈಶಾಲಿಯವರಿಗೆ,

ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದನ್ನು ಓದಿದ ದಿನ ಊಟ ಮಾಡಲಿಲ್ಲ. ನಿಮ್ಮನ್ನು ಕ್ಷಮಿಸುವುದಿಲ್ಲ. ಅದನ್ನು ಮೊದಲು ಹೇಳಿ ಮುಂದಿನದಕ್ಕೆ ಬರುತ್ತೇನೆ.

ಸಾವಕ್ಕನದು ನನಗೆ ಎರಡನೇ ತರಗತಿಯಲ್ಲೇ ಗೊತ್ತಾಯಿತು. ಸಣ್ಣವಳಿದ್ದಾಗ ಕಿವಿ ಸೋರುತ್ತಿತ್ತು, ಬೆಳ್ಳುಳ್ಳಿ ಎಣ್ಣೆ ಬಿಟ್ಟರು, ಸೋರುವುದು ನಿಂತಿತು, ಎಲ್ಲರೂ ಮರೆತರು. ಮಗ್ಗದ ಮನೆಯಲ್ಲಿ ಕಿವಿ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ಎಲ್ಲರೂ ಬಾಯಿ ನೋಡಿ ಮಾತಾಡುವವರೇ, ಎಲ್ಲರೂ ಕೂಗುವವರೇ. ಬೇರೆ ಊರಿನಲ್ಲಾದರೆ ತಾಯಿ ಆರು ತಿಂಗಳಲ್ಲಿ ಹಿಡಿಯುತ್ತಾಳೆ. ನಮ್ಮಲ್ಲಿ ಹತ್ತು ವರ್ಷ ಕಳೆಯುತ್ತದೆ.

ನನಗೆ ಹೇಗೆ ತಿಳಿಯಿತು ಎಂದು ನೀವು ಕೇಳಿಲ್ಲ. ನಾನು ಬಾಯಿ ಬಿಟ್ಟಿದ್ದರೆ ಗುರುಪಾದ ಸರ್ ಕೇಳುತ್ತಿದ್ದರು. ನೀಲಕಂಠ ಕೇಳುತ್ತಿದ್ದ. ಆ ಪ್ರಶ್ನೆಗೆ ಹೆದರಿ ಬಾಯಿ ಮುಚ್ಚಿಕೊಂಡೆ. ನನಗೂ ಕೇಳುವುದಿಲ್ಲ.

ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಯಲ್ಲಿ ಸ್ವಲ್ಪ ಉಳಿದಿದೆ. ಅಪ್ಪನ ಮಗ್ಗದ ಮನೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದೆ. ಟಿ.ಸಿ.ಎಚ್. ಓದಿದ್ದು ಮೊದಲ ಬೆಂಚಿನಲ್ಲಿ ಕೂತು. ಸಂದರ್ಶನದಲ್ಲಿ ಮೂರು ಜನರ ಬಾಯಿ ನೋಡಿ ಪಾಸಾದೆ. ನಿಮ್ಮ ಹಲ್ಲಿನಲ್ಲಿ ಏನೂ ಸಿಕ್ಕಿರಲಿಲ್ಲ. ಫೋನಿಗೆ ಬಾಯಿಲ್ಲ, ಅದಕ್ಕೆ ಎತ್ತುವುದಿಲ್ಲ. ನಮ್ಮ ಅಕ್ಕನಿಗೂ ಹೀಗೇ ಇತ್ತು. ಅವ್ವ ಸಂಬಂಧ ನೋಡಲು ಬಂದವರಿಗೆ ನಿಜ ಹೇಳಿದಳು. ಎರಡು ಮನೆಯವರು ಚಹಾ ಕುಡಿದು ಎದ್ದು ಹೋದರು, ಮೂರನೆಯವರು ಬರಲೇ ಇಲ್ಲ. ಅಂದೇ ನನಗೆ ಅವ್ವ ಆಣೆ ಹಾಕಿಸಿದಳು. "ನಿನ್ನ ಕಿವಿ ಸುದ್ದಿ ನಿನ್ನ ನಾಲಿಗಿ ಮ್ಯಾಲ ಬರಬಾರದು" ಎಂದಳು. ಮದುವೆಯಾಗಿ ಹದಿನಾಲ್ಕು ವರ್ಷ. ಮನೆಯವರಿಗೂ ನನ್ನನ್ನು ಗಮನವಿಲ್ಲದ ಹೆಂಗಸು ಎಂದೇ ಗೊತ್ತು.

ಮಿರಜಿನ ಡಾಕ್ಟರು ಹೋದ ವರ್ಷ ಎಚ್ಚರಿಸಿದರು. ಸದ್ದು ಬಿಟ್ಟು ದೂರ ಹೋಗದಿದ್ದರೆ ಎಡಗಿವಿಯೂ ಉಳಿಯುವುದಿಲ್ಲ ಎಂದರು. ಅದಕ್ಕೇ ಅನಗವಾಡಿ. ಹೊಳೆಯ ಪಕ್ಕದ ಊರು, ಸದ್ದಿಲ್ಲ. ಆದರೆ ಇಲ್ಲಿಯ ಮಕ್ಕಳು ಬಾಯಿಗೆ ಕೈ ಹಿಡಿಯುತ್ತಾರೆ. ನಿಮ್ಮ ಮರ್ಯಾದೆ ನನ್ನ ಕಣ್ಣು ಕಟ್ಟಿದೆ. ನಾಲ್ಕು ತಿಂಗಳಿನಿಂದ ಇವರು ಏನು ಕೇಳುತ್ತಾರೆ ಎಂದು ನನಗೆ ಗೊತ್ತಾಗಿಲ್ಲ. ಸುಮ್ಮನೆ ತಲೆ ಆಡಿಸುತ್ತೇನೆ. ಹೊಸ ಅಕ್ಕೋರಿಗೆ ಸೊಕ್ಕು ಎಂದು ಊರಲ್ಲಿ ಹೇಳುತ್ತಾರಂತೆ. ಅನ್ನಲಿ. ಕೆಪ್ಪಿ ಎನ್ನುವುದಕ್ಕಿಂತ ಸೊಕ್ಕಿನವಳು ಎನ್ನುವುದು ಮೇಲು.

ಇದನ್ನು ನಿಮಗೆ ಬರೆದದ್ದು ನೀವು ಕೇಳಿದ್ದಕ್ಕೆ. ವರದಿಯಲ್ಲಿ ನನ್ನ ಹೆಸರು ಬರಬಾರದು. ನೌಕರಿ ಹೋಗಬಹುದು ಎಂಬ ಹೆದರಿಕೆ ನನಗಿದೆ. ಹೋಗುತ್ತದೋ ಇಲ್ಲವೋ ಗೊತ್ತಿಲ್ಲ, ಕೇಳಲು ಧೈರ್ಯ ಆಗಿಲ್ಲ.

ಶ್ರೀದೇವಿ


ಬನಹಟ್ಟಿ
24 ಅಕ್ಟೋಬರ್ 2024

ಶ್ರೀದೇವಿಯವರಿಗೆ,

ದಸರಾ ರಜೆಯಲ್ಲಿ ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ನನಗೆ ಅಯ್ಯೋ ಅನಿಸಬೇಕಿತ್ತು. ಮೊದಲ ಸಲ ಓದಿದಾಗ ಅನಿಸಿತು. ನಾಲ್ಕನೇ ಸಲಕ್ಕೆ ಸಿಟ್ಟೇ ಉಳಿಯಿತು.

ನಿಮ್ಮ ಅವ್ವ ನಿಮಗೆ ಹಾಕಿದ ಆಣೆಯನ್ನು ನೀವು ಆ ಹುಡುಗಿಗೆ ಹಾಕಿದ್ದೀರಿ. ಅವಳನ್ನು ಕೇಳದೆ ಹಾಕಿದ್ದೀರಿ. ನಿಮಗಾದರೆ ಓದು ಮುಗಿಸುವವರೆಗೆ ಮೊದಲ ಬೆಂಚು ಸಿಕ್ಕಿತ್ತು. ಅವಳಿಗೆ ನೀವು ಇರುವ ತನಕ ಸಿಕ್ಕಿತು, ಆಮೇಲೆ ನನ್ನಂಥವಳ ಕೈಗೆ ಬಿದ್ದಳು.

ನನ್ನ ಪಾಲಿನದನ್ನು ನಾನು ಮಾಡಿದ್ದೇನೆ, ಕೇಳಿ. ತಖ್ತೆ ಕಿತ್ತು ಹಾಕಿದೆ. ಬೋರ್ಡಿನ ಮೇಲೆ ಬರೆಯುವಾಗ ಬಾಯಿ ಮುಚ್ಚಿರುತ್ತೇನೆ, ಬರೆದು ಮುಗಿಸಿ ತಿರುಗಿದ ಮೇಲೆಯೇ ಮಾತು. ಬೆಂಚುಗಳನ್ನು ಅರ್ಧಚಂದ್ರದ ಹಾಗೆ ಹಾಕಿಸಿದ್ದೇನೆ. ಎಲ್ಲರಿಗೂ ಎಲ್ಲರ ಮುಖ ಕಾಣುತ್ತದೆ. ಕೂಗುವುದು ತಾನಾಗಿ ಅರ್ಧ ಇಳಿದಿದೆ. ಹಿಂದಿನಿಂದ ಕರೆದು ನೋಡಿದಾಗ ಇನ್ನೂ ಇಬ್ಬರು ಮಕ್ಕಳು ತಿರುಗಲಿಲ್ಲ. ಅವರ ಹೆಸರನ್ನೂ ಬರೆದುಕೊಂಡಿದ್ದೇನೆ.

ವರದಿಯನ್ನು ಮೊದಲಿನಿಂದ ಬರೆದೆ. ಮೊದಲ ವಾಕ್ಯ ಹೀಗಿದೆ: "ಈ ಯೋಜನೆಯನ್ನು ಮಕ್ಕಳ ತಪ್ಪು ತಿದ್ದಲು ಆರಂಭಿಸಿದೆ, ತಪ್ಪು ನನ್ನದಾಗಿತ್ತು." ಗುರುಪಾದ ಸರ್ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಗದ್ದಲ ಕಡಿಮಿ ಆತು, ವರದಿ ಮುಗೀತು. ಈಗ್ಯಾಕ ಕಿವಿ ಮೂಗು ಅಂತ ತಗೀತೀರಿ ಅಕ್ಕೋರ? ಆ ಹುಡುಗಿ ಸಾಲಿ ಬಿಟ್ಟಾಳ ಅಂತ ಮುಧೋಳದಾಗ ನಿಂತು ಹೇಳವ್ರೇನು? ಮೊದಲಿನ ವರದಿ ಕೊಡ್ರಿ, ಸಹಿ ಮಾಡ್ತೇನಿ" ಎಂದರು. ನನಗೆ ಇನ್ನು ತಡೆಯಲಾಗಲಿಲ್ಲ. ಮೊದಲಿನದನ್ನು ಅವರ ಮುಂದೆಯೇ ಹರಿದೆ. ಸಹಿ ಇಲ್ಲದೆಯೇ ಕಳಿಸುತ್ತೇನೆ. ತಿರಸ್ಕರಿಸಲಿ.

ಆದರೆ ವರದಿ ಎಷ್ಟು ಖರೆ ಬರೆದರೂ ಸಾವಕ್ಕನ ಜಾಗ ಖಾಲಿಯೇ ಇದೆ. ನಾನು ಐದು ಸಲ ಅವರ ಮನೆಗೆ ಹೋಗಿ ಬಂದೆ. ಕೊನೆಯ ಸಲ ಬಾಗಿಲು ಹಾಕಿಕೊಂಡರು. ದಡ್ಡಿ ಎಂದ ಬಾಯಿಯಿಂದ ಬಂದ ಯಾವ ಮಾತನ್ನೂ ನೀಲಕಂಠ ನಂಬುವುದಿಲ್ಲ, ಅವನ ತಪ್ಪಿಲ್ಲ. ನಿಮ್ಮ ಮಾತು ನಂಬುತ್ತಾನೆ. ಬಾಗಲಕೋಟೆಯಿಂದ ಬಸ್ಸಿದೆ. ಬಂದು ಹೇಳಿ.

ನಿಮ್ಮ ಗುಟ್ಟು ನಾನು ಎಲ್ಲೂ ಬರೆದಿಲ್ಲ, ಬರೆಯುವುದೂ ಇಲ್ಲ. ಆದರೆ ನೀವು ಅದನ್ನು ಕಾಯುತ್ತ ಕೂತಷ್ಟು ದಿನ ಅವಳು ಕಂಡಕಿ ಸುತ್ತುತ್ತ ಕೂತಿರುತ್ತಾಳೆ. ಇದು ನಿಮಗೆ ತಿಳಿದಿರಲಿ.

ವೈಶಾಲಿ


ಅನಗವಾಡಿ
11 ನವೆಂಬರ್ 2024

ವೈಶಾಲಿಯವರಿಗೆ,

ನಿಮ್ಮ ಕಾಗದ ಓದಿ ಹರಿದೆ. ಮಾರನೇ ದಿನ ಚೂರುಗಳನ್ನು ಜೋಡಿಸಿ ಮತ್ತೆ ಓದಿದೆ. ಎರಡು ವಾರ ನಿಮ್ಮನ್ನು ಬೈದುಕೊಂಡೇ ಕಳೆದೆ. ಇನ್ನೊಬ್ಬರ ಬದುಕನ್ನು ಪಣಕ್ಕಿಡುವುದು ನಿಮಗೆಷ್ಟು ಸುಲಭ!

ನಿನ್ನೆ ಭಾನುವಾರ ಬನಹಟ್ಟಿಗೆ ಹೋಗಿದ್ದೆ. ನಿಮ್ಮ ಮನೆಗೆ ಬರಲಿಲ್ಲ. ಬರುವ ಮನಸ್ಸಿರಲಿಲ್ಲ.

ನೀಲಕಂಠನ ಮನೆಯಲ್ಲಿ ನಾಲ್ಕೂ ಮಗ್ಗ ನಡೆಯುತ್ತಿದ್ದವು. ಆಳುಗಳು ಮೂರು ಜನ, ಸತ್ಯವ್ವಜ್ಜಿ, ಅವಳ ಪಕ್ಕದಲ್ಲಿ ಹುಡುಗಿ. ನನ್ನನ್ನು ಕಂಡು ನೀಲಕಂಠ ಕೈ ಮುಗಿದ. "ಹೊರಗ ಬರ್ರಿ ಅಕ್ಕೋರ, ಕಟ್ಟಿ ಮ್ಯಾಲ ಕುಂತು ಮಾತಾಡೂಣು" ಎಂದ. ಹೊರಗೆ ಹೋಗಿದ್ದರೆ ಅವನೊಬ್ಬನಿಗೇ ಹೇಳಬಹುದಿತ್ತು. ಅವನು ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ, ಒಳ್ಳೆಯವನು. ಅದೇ ಯೋಚನೆ ಮಾಡಿಕೊಂಡು ಬಸ್ಸು ಹತ್ತಿದ್ದೆ.

ಹುಡುಗಿ ನನ್ನನ್ನು ನೋಡುತ್ತಿದ್ದಳು. ಎರಡನೇ ತರಗತಿಯಲ್ಲಿ ನೋಡುತ್ತಿದ್ದ ಹಾಗೆಯೇ, ಬಾಯಿಯ ಮೇಲೆ ಕಣ್ಣಿಟ್ಟು. ನನಗೆ ಕಟ್ಟೆಗೆ ಹೋಗಲಾಗಲಿಲ್ಲ. ಮಗ್ಗಗಳ ನಡುವೆ ನಿಂತಲ್ಲೇ ಹೇಳಿದೆ, ದನಿ ತೆಗೆಯದೆ, ಪ್ರತಿ ಅಕ್ಷರ ಬಿಡಿಸಿ.

"ನೀಲಕಂಠ, ನಿನ್ನ ಮಗಳಿಗೆ ಕಿವಿ ಕೇಳೂದಿಲ್ಲ. ನನಗ ಮೂರು ವರ್ಷದಿಂದ ಗೊತ್ತೈತಿ. ನಾನೂ ಕೆಪ್ಪಿ ಅದೇನಿ. ಹೇಳಾಕ ಹೆದರಿದ್ನಿ."

ನಮ್ಮ ಓಣಿ ನಿಮಗೆ ಗೊತ್ತಿಲ್ಲ. ಮಗ್ಗದ ಮನೆಯಲ್ಲಿ ಪಿಸುಮಾತು ಎಂಬುದಿಲ್ಲ. ದನಿ ಬಿಟ್ಟು ಹೇಳಿದ್ದನ್ನು ಅಲ್ಲಿದ್ದ ಅಷ್ಟೂ ಜನ ಓದಿದರು. ಕೊನೆಯ ಮಗ್ಗದವನೂ ತಲೆ ಎತ್ತಿದ. ಸತ್ಯವ್ವಜ್ಜಿಯ ಕೈ ನಿಂತಿತು. ಇಷ್ಟು ಹೊತ್ತಿಗೆ ರಬಕವಿಯ ತನಕ ಸುದ್ದಿ ಹೋಗಿರುತ್ತದೆ. ನಮ್ಮ ಮನೆಯವರಿಗೆ ಬಸ್ಸು ಹತ್ತುವ ಮೊದಲೇ ಹೇಳಿದ್ದೆ. ಅವರು ಇನ್ನೂ ಮಾತು ಬಿಟ್ಟಿದ್ದಾರೆ.

ನೀಲಕಂಠ ಸಿಟ್ಟಾದ. ಆಗಲೇಬೇಕು. "ಮೂರು ವರ್ಷ!" ಎಂದ. ಎರಡು ಸಲ ಅದನ್ನೇ ಹೇಳಿದ. ನನ್ನ ಬಗ್ಗೆ ಅವನು ಆಡಿದ ಉಳಿದ ಮಾತು ನಿಮಗೆ ಬರೆಯುವುದಿಲ್ಲ. ಪ್ರತಿಯೊಂದೂ ಸರಿಯಾಗಿತ್ತು, ತಲೆ ತಗ್ಗಿಸದೆ ನೋಡಿದೆ. ತಗ್ಗಿಸಿದರೆ ನನಗೆ ತಿಳಿಯುವುದಿಲ್ಲವಲ್ಲ.

ಅಷ್ಟರಲ್ಲಿ ಸಾವಕ್ಕ ಎದ್ದು ಬಂದು ನನ್ನ ಎದುರು ನಿಂತಳು. ಮೂರು ತಿಂಗಳಿನಿಂದ ಮಾತು ಬಿಟ್ಟಿದ್ದಾಳೆ ಎಂದು ಅಜ್ಜಿ ಆಮೇಲೆ ಹೇಳಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, ತುಟಿಯಲ್ಲೇ ಕೇಳಿದಳು:

"ಕೆಪ್ಪಿ ಆಗಿ ಅಕ್ಕೋರು ಹೆಂಗ ಆದ್ರಿ?"

ಅವಳ ಬೆನ್ನು ಅಪ್ಪನ ಕಡೆ ಇತ್ತು. ಅವನಿಗೆ ಕಾಣಲಿಲ್ಲ. "ಏನಂದ್ಲು?" ಎಂದ. ಹೇಳಿದೆ. ಅವನು ಮಗಳನ್ನು ನೋಡಿದ, ನನ್ನನ್ನು ನೋಡಿದ. ಗೋಡೆಯ ಹತ್ತಿರ ಹೋಗಿ ಸ್ವಿಚ್ಚು ಇಳಿಸಿದ. ಹಾಡುಹಗಲಲ್ಲಿ ನಾಲ್ಕೂ ಮಗ್ಗ ನಿಂತವು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಮಗಳ ಭುಜ ಹಿಡಿದು, ಕಿಟಕಿಯ ಬೆಳಕು ಬಿದ್ದ ನನ್ನ ಮುಖ ಎದುರಾಗುವ ಕಡೆ ನಿಲ್ಲಿಸಿದ.

"ಹೇಳ್ರಿ ಅಕ್ಕೋರ" ಎಂದ. "ಆಕಿಗಿ ಕಾಣೂ ಹಂಗ ಹೇಳ್ರಿ."

ಹೇಳಲು ಒಂದು ತಾಸು ಹಿಡಿಯಿತು. ಅವಳು ನಡುನಡುವೆ ಪ್ರಶ್ನೆ ಕೇಳಿದಳು. ಗುರುವಾರ ನೀಲಕಂಠ ಅವಳನ್ನು ಮಿರಜಿಗೆ ಕರೆದೊಯ್ಯುತ್ತಾನೆ, ನಾನೂ ಹೋಗುತ್ತೇನೆ. ಮುಂದಿನ ವಾರದಿಂದ ಸಾಲಿಗೆ ಬರುತ್ತಾಳೆ. ನಿಮ್ಮ ಮೇಲೆ ಅವಳಿಗೆ ಬಹಳ ಸಿಟ್ಟಿದೆ, ಅದನ್ನು ಇಳಿಸಲು ನಾನು ಒಂದು ಮಾತೂ ಆಡಲಿಲ್ಲ. ಬಂದ ಮೊದಲ ದಿನವೇ ಎಲ್ಲ ಮಕ್ಕಳ ಮುಂದೆ, ಅವಳಿಗೆ ಕಾಣುವ ಹಾಗೆ, ನೀವು ತಪ್ಪೊಪ್ಪಿಕೊಳ್ಳಬೇಕು. ನಾನು ಒಪ್ಪಿಕೊಂಡು ಬಂದಿದ್ದೇನೆ.

ವರದಿಯಲ್ಲಿ ನನ್ನ ಹೆಸರು ಬರೆಯಿರಿ. ಪೂರ್ತಿ ಹೆಸರು, ಶಾಲೆಯ ಹೆಸರು ಸಹಿತ.

ಶ್ರೀದೇವಿ